ಎತ್ತು ಮಂಡಿಯೂರಿದ ಜಾಗ

"ಬಾಗಿದ ಗೆರಿಗೆ ನೆಟ್ಟನ ಗೆರಿ ತಾಗಸೋದೂ ಒಂದು ವಿದ್ಯಾ ಏನ್ರೀ ಮಾಸ್ತರ? ನಾಳಿಂದ ನನ್ನ ಮಗಳು ಜೈನಾಬ್ ಕಾಲೇಜಿಗೆ ಬರಂಗಿಲ್ಲ."

ಭತ್ತದ ವ್ಯಾಪಾರಿ ಅಮೀರ್ ಸಾಬ್ ಮಾನ್ವಿಯ ಈರಯ್ಯನ ಅಕ್ಕಿ ಗಿರಣಿಯ ಮುಂದೆ ಹೀಗೆ ಗುಡುಗಿದ್ದು ಊರ ಕಾಲೇಜಿನ ಗಣಿತದ ಗಡಿಗೆಪ್ಪ ಮಾಸ್ತರರ ಮೇಲೆ. ಎಂಬತ್ತೊಂದನೆಯ ಇಸವಿಯಲ್ಲಿ ಅವರ ಗಣಿತ ವಿಭಾಗಕ್ಕೆ ಉಳಿದಿದ್ದವಳು ಜೈನಾಬ್ ಒಬ್ಬಳೇ. ಅವಳೂ ಕಾಲೇಜು ಬಿಟ್ಟರೆ ವಿಭಾಗಕ್ಕೆ ಬೀಗ, ಮಾಸ್ತರರಿಗೆ ಮನೆಯ ದಾರಿ.

ಅಮೀರ್ ಸಾಬರ ಸಿಟ್ಟಿಗೆ ಕಾರಣ ಬೇರೆಯೇ ಇತ್ತು. ಗಿರಣಿಯ ಕಟ್ಟೆಗೆ ಬಂಡಿ ಹತ್ತಿಸುವ ಮಣ್ಣಿನ ದಿಬ್ಬದಲ್ಲಿ ಅವರ ಎತ್ತು ಮತ್ತೆ ಮಂಡಿಯೂರಿತ್ತು. ಈರಯ್ಯ ದಿಬ್ಬದ ಎತ್ತರವನ್ನು ಉದ್ದದಿಂದ ಭಾಗಿಸಿ, ಏರು ತೀರಾ ಸಣ್ಣದು, ಎತ್ತೇ ಸೋಮಾರಿ ಎಂದ. ಪಕ್ಕದ ಮನೆಯ ಅಂಬಮ್ಮ ದೃಷ್ಟಿ ತಾಗಿದೆಯೆಂದು ಎತ್ತಿಗೆ ಮೆಣಸಿನಕಾಯಿ ನಿವಾಳಿಸಿದಳು. ಎತ್ತು ಸೀನಿತು, ಏಳಲಿಲ್ಲ.

ಮಾಸ್ತರರಿಗೆ ರೇಗಿತು. "ಈರಯ್ಯ, ನೀ ಹೇಳಿದ್ದು ಇಡೀ ದಿಬ್ಬದ ಸರಾಸರಿ. ಎತ್ತು ಸರಾಸರಿ ಮ್ಯಾಲ ಕಾಲಿಡಂಗಿಲ್ಲ, ಒಂದು ಜಾಗದ ಮ್ಯಾಲ ಇಡ್ತದ."

ಬಾಗಿದ ಗೆರೆಗೆ ಒಂದೇ ಜಾಗದಲ್ಲಿ ತಾಗಿ ಅಲ್ಲಿನ ಏರು ತೋರುವ ಸ್ಪರ್ಶಕ ಎಂದರೇನೆಂದು ತೋರಿಸಲು ಅವರು ದಿಬ್ಬದ ಗೂನಿನ ಮೇಲೆ ಹಲಗೆ ಇಟ್ಟು ತಾವೇ ಹತ್ತಿದರು. ಸ್ಪರ್ಶಕವಲ್ಲವೇ, ಒಂದೇ ಕಡೆ ತಾಗಿತ್ತು. ಹಲಗೆ ತೊಟ್ಟಿಲಿನಂತೆ ತೂಗಿ ಅವರನ್ನು ತೌಡಿನ ರಾಶಿಗೆ ಎಸೆಯಿತು. ಕೋಡುಬಳೆಗೆ ಕಲಸಿದ ಹಿಟ್ಟಿನಂತೆ ಮಾಸ್ತರರು ಎದ್ದು ಬಂದರು.

ಅಪ್ಪನಿಗೆ ಬುತ್ತಿ ತಂದಿದ್ದ ಜೈನಾಬ್ ನಗು ನುಂಗಿಕೊಂಡು ಹೆಜ್ಜೆಹೆಜ್ಜೆಗೆ ದಿಬ್ಬದ ಎತ್ತರ ಅಳೆದಳು. ಗಿರಣಿಯ ಗೋಡೆಯ ಮೇಲೆ ಇದ್ದಿಲಿನಿಂದ ದಿಬ್ಬದ ಬಾಗಿಗೆ ಸಮೀಕರಣ ಬರೆದು, ಜಾಗಜಾಗದ ಏರು ತಿಳಿಯಲು ಅವಕಲನ ಮಾಡಿದಳು. ಒಂದೊಂದು ಜಾಗಕ್ಕೂ ಒಂದೊಂದು ಇಳಿಜಾರು ಬಂತು. ಎಲ್ಲಕ್ಕಿಂತ ಕಡಿದಾದದ್ದು ಎತ್ತು ಮಂಡಿಯೂರಿದ ಜಾಗವೇ.

ಈರಯ್ಯ ಗೊಣಗುತ್ತಲೇ ಎತ್ತನ್ನು ಬಿಚ್ಚಿ ಎಬ್ಬಿಸಿ, ಅಲ್ಲಿನ ಮಣ್ಣು ಕೆತ್ತಿಸಿ ದಿಬ್ಬದ ಬುಡಕ್ಕೆ ಹಾಕಿಸಿದ. ಮತ್ತೆ ಬಂಡಿಗೆ ಕಟ್ಟಿದ ಎತ್ತು ಬೀಗರ ಮನೆಗೆ ಹೊರಟಂತೆ ಸಲೀಸಾಗಿ ಹತ್ತಿತು.

ಅಮೀರ್ ಸಾಬ್ ತೌಡು ಮೆತ್ತಿದ ಮಾಸ್ತರರನ್ನು ಹಾಗೆಯೇ ಅಪ್ಪಿಕೊಂಡರು. ಮಾಸ್ತರರ ಕಣ್ಣು ತುಂಬಿತು. ಮನಸ್ಸಿನಲ್ಲೇ ಎತ್ತಿಗೂ ಕೈಮುಗಿದು, ಇನ್ನು ಮಗಳ ಓದು ಬಿಡಿಸಬೇಡಿ ಎಂದು ಸಾಬರನ್ನು ಕೇಳಿಕೊಂಡರು.

"ಬಿಡಸೋದಾ? ನಿಮ್ಮ ಉಪಕಾರ ಸಾಯೋತನಕ ಮರಿಯಂಗಿಲ್ಲ. ಇಂಥಾ ಮಗಳನ್ನ ಈ ಸಣ್ಣ ಕಾಲೇಜಿನ್ಯಾಗ ಕೂಡಸಬೇಕಾ? ರಾಯಚೂರಾಗ ನಮ್ಮ ತಂಗಿ ಸುಗ್ರಾ ಬೇಗಂ ಮನಿ ಅದ. ಅಲ್ಲೇ ದೊಡ್ಡ ಕಾಲೇಜಿಗೆ ಹಾಕ್ತೀನಿ."

"ನಿಮ್ಮಿಂದನ ಕಲ್ತೆ, ಸರ್" ಎಂದು ಜೈನಾಬ್ ಸಲಾಂ ಮಾಡಿದಳು. ಸಂಜೆಯ ಬಸ್ಸಿಗೆ ಅಪ್ಪನೊಂದಿಗೆ ಹೊರಟವಳು ಮತ್ತೆ ಆ ತರಗತಿಗೆ ಬರಲಿಲ್ಲ.