ಹಿಂದಿನ ಸೀಟು ನೋಡದೆ ಕೊಂಡ ಗಾಡಿ

ಗಾಡಿ ಸರಿಯಾಗಿ ಓಡಿಸಲು ಬಾರದವರಿಗೆ ಇಂಥ ಫಜೀತಿಗಳು ಆಗುವುದಿಲ್ಲ, ಅವರು ಎಚ್ಚರಿಕೆಯಿಂದ ಇರುತ್ತಾರೆ. ಮೂವತ್ತೆರಡು ವರ್ಷ ಒಂದೇ ಹಗುರ ಬೈಕಿನ ಮೇಲೆ ಊದುಬತ್ತಿ ಡಬ್ಬ ಹೊತ್ತು, ಚಾಮರಾಜಪೇಟೆಯಿಂದ ಮಲ್ಲೇಶ್ವರದವರೆಗೆ ಅಂಗಡಿ ಅಂಗಡಿ ತಿರುಗಿದ ನನ್ನಂಥವನಿಗೇ ಮೇಲಿಂದ ಮೇಲೆ ಆಗುತ್ತಿರುತ್ತವೆ. ಹೋದ ವರ್ಷ ಆ ಬೈಕು ಮಾರಿ, ಕಾಲು ಮುಂದಕ್ಕೆ ಚಾಚಿ ಆರಾಮಕುರ್ಚಿಯಲ್ಲಿ ಒರಗಿದ ಹಾಗೆ ಓಡಿಸುವ ದೊಡ್ಡ ಕ್ರೂಸರ್ ತಂದೆ. ಆಮೇಲೆ ಆಗಿದ್ದನ್ನು ಹೇಳಿದರೆ ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ. ಮನೆಗೆ ಬಂದ ಮೇಲೆ ಪಿಚ್ಚೆನ್ನಿಸುತ್ತದೆ.

೧. ಅನುಭವಸ್ಥ

ಶೋರೂಮಿನಲ್ಲಿ ಗಾಡಿ ತೋರಿಸಿದ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಕೇಳಿದಳು. "ಸಾರ್, ಇದು ಇನ್ನೂರು ಕೆಜಿ ಮೇಲಿದೆ. ನಿಮ್ಮ ಹಿಂದೆ ಯಾರಾದ್ರೂ ಕೂತ್ಕೊಳ್ತಾರಾ? ಅವ್ರನ್ನೂ ಕರ್ಕೊಂಡ್ಬಂದು ಒಂದ್ಸಲ ಕೂರಿಸಿ ನೋಡಿ."

"ನೀನು ಹುಟ್ಟೋಕೆ ಮುಂಚಿಂದ ನನ್ನ ಹೆಂಡ್ತಿ ಬೈಕಲ್ಲಿ ಕೂತಿದಾಳಮ್ಮಾ. ಅವಳಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ" ಅಂದೆ. ಆ ಮಾತು ಆಡದಿದ್ದರೆ ಚೆನ್ನಾಗಿತ್ತು.

ಟೆಸ್ಟ್ ರೈಡಿಗೆ ಹೊರಟೆ. ನೇರ ರಸ್ತೆಯಲ್ಲಿ ಅಂಬಾರಿ ಹತ್ತಿದ ಹಾಗಿತ್ತು. ವಾಪಸು ತಿರುಗಿಸುವಾಗ ಹಳೇ ಅಭ್ಯಾಸದಲ್ಲಿ ಒಂದು ಕಾಲೂರಿ ಗಿರ್ರನೆ ಹ್ಯಾಂಡಲ್ ತಿರುವಿದೆ. ಗಾಡಿ ತಿರುಗಲಿಲ್ಲ, ನಿಧಾನವಾಗಿ ಮಲಗಿತು. ಜೊತೆಗೆ ನಾನೂ ಮಲಗಿದೆ. ಕಬ್ಬಿನ ಹಾಲು ಮಾರುವವನೊಬ್ಬ ಬಂದು ಮೊದಲು ಗಾಡಿಯನ್ನು, ಆಮೇಲೆ ನನ್ನನ್ನು ಎತ್ತಿದ.

ಶೋರೂಮಿಗೆ ಮರಳಿದಾಗ ಆಕೆ ನನ್ನ ಪ್ಯಾಂಟಿಗೆ ಮೆತ್ತಿದ ಮಣ್ಣು ನೋಡಿ, "ಹೇಗಿತ್ತು ಸಾರ್, ಕಂಫರ್ಟೆಬಲ್ಲಾ?" ಅಂದಳು. ಮಾನ ಉಳಿಸಿಕೊಳ್ಳಲು ಅಲ್ಲೇ ಬುಕ್ ಮಾಡಿಬಿಟ್ಟೆ.

೨. ಮಲ್ಲೇಶ್ವರದ ಇಳಿಜಾರು

ಮಲ್ಲೇಶ್ವರದ ಕ್ರಾಸುಗಳೆಲ್ಲ ಒಂದಲ್ಲ ಒಂದು ಕಡೆ ಇಳಿಯುತ್ತವೆ. ಪೂಜಾ ಸಾಮಾನು ಮಾರುವ ಗ್ರಂಥಿಗೆ ಅಂಗಡಿಯೊಂದರ ಪಕ್ಕದಲ್ಲಿ, ಇಳಿಜಾರಿನ ಕೊನೆಗೆ, ಗಾಡಿಯ ಮೂತಿ ಗೋಡೆಗೆ ತಾಗುವಂತೆ ನಿಲ್ಲಿಸಿದೆ. ಹಳೇ ಬೈಕಾದರೆ ಒಂದೇ ಕೈಯಲ್ಲಿ ಹಿಂದಕ್ಕೆ ಎಳೆಯುತ್ತಿದ್ದೆ. ಇದಕ್ಕೆ ರಿವರ್ಸ್ ಗೇರಿಲ್ಲ, ನನಗೆ ಸೊಂಟವಿಲ್ಲ. ಎದುರು ಕೂತಿದ್ದ ಹೂವಿನಾಕೆ ಬುಟ್ಟಿ ಬಿಟ್ಟೆದ್ದು, ಇಡ್ಲಿ ತಿನ್ನುತ್ತಿದ್ದ ಇಬ್ಬರನ್ನು ಕರೆದು ಗಾಡಿ ಎಳೆಸಿದಳು.

ಬುದ್ಧಿ ಬಂತೇ? ಇಲ್ಲ. ಅದೇ ಜಾಗದಲ್ಲಿ ಮೂರು ಸಲ ಸಿಕ್ಕಿಕೊಂಡೆ. ಮೂರನೇ ಸಲ ಆಕೆ ಹೇಳಿದಳು: "ಅಣ್ಣಾ, ಇನ್ಮೇಲೆ ಬರೋಕ್ ಮುಂಚೆ ಒಂದು ಫೋನ್ ಮಾಡ್ಬಿಡಿ. ಇಲ್ಲಿ ಗಂಡಸ್ರು ಯಾರಾದ್ರೂ ಇದಾರಾ ಅಂತ ನೋಡಿ ಹೇಳ್ತೀನಿ."

೩. ರೊಟ್ಟಿ ಮಣೆ

ಬಿದ್ದದ್ದು, ಸಿಕ್ಕಿಕೊಂಡದ್ದು ದೊಡ್ಡ ವಿಷಯವಲ್ಲ. ಇಪ್ಪತ್ತೆಂಟು ವರ್ಷ ನಾನೂ ನನ್ನ ಹೆಂಡತಿಯೂ ಸಂಜೆ ಗಾಂಧಿಬಜಾರಿಗೆ ಒಟ್ಟಿಗೆ ಹೋಗುತ್ತಿದ್ದೆವು. ಅವಳು ಸೀರೆಯುಟ್ಟು, ಎರಡೂ ಕಾಲು ಒಂದೇ ಕಡೆ ಹಾಕಿ ಕೂತು, ಮಡಿಲಲ್ಲಿ ತರಕಾರಿ ಚೀಲ ಇಟ್ಟುಕೊಂಡು ನನ್ನ ಭುಜ ಹಿಡಿಯುತ್ತಿದ್ದಳು. ಮುಖ ನೋಡಿಕೊಂಡು ಆಡಲಾಗದ ಮಾತುಗಳನ್ನೆಲ್ಲ ನಾವು ಹಾಗೆ ಹೋಗುವಾಗ ಆಡಿದ್ದೇವೆ. ಮಗಳಿಗೆ ಹುಡುಗ ಒಪ್ಪಿಗೆಯಾದದ್ದನ್ನು ಅವಳು ನನಗೆ ಹೇಳಿದ್ದೂ ಸಿಗ್ನಲ್ಲಿನಲ್ಲೇ.

ಹೊಸ ಗಾಡಿಯ ಹಿಂದಿನ ಸೀಟು ರೊಟ್ಟಿ ತಟ್ಟುವ ಮಣೆಯಷ್ಟಿದೆ. ಹಿಡಿದುಕೊಳ್ಳಲು ಕಂಬಿಯಿಲ್ಲ. ಗೇಟಿನ ಮೆಟ್ಟಿಲ ಮೇಲೆ ನಿಂತು ಹೇಗೋ ಹತ್ತಿದಳು. ರಸ್ತೆಯ ಮೊದಲನೇ ಉಬ್ಬಿಗೆ ಹಿಂದಕ್ಕೆ ಜಾರಿ ನನ್ನ ಕಾಲರ್ ಹಿಡಿದುಕೊಂಡಳು. "ನಿಲ್ಸಿ" ಅಂದಳು, ಇಳಿದಳು, ನಡೆದು ಮನೆಗೆ ಹೋದಳು.

ಎದುರುಮನೆಯ ಮೇಷ್ಟ್ರು ಗೇಟಿನ ಹತ್ತಿರವೇ ಇದ್ದರು. "ಹೆಂಗಿದೆಯಮ್ಮಾ ಹೊಸ ಗಾಡಿ?"

"ತುಂಬಾ ಚೆನ್ನಾಗಿದೆ ಸಾರ್. ನೀವು ತಗೊಂಡಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

೪. ವಾಪಸು ಕೇಳಲು ಹೋದದ್ದು

ಅಂದಿನಿಂದ ಅವಳು ಆಟೋ ಹಿಡಿದಳು. ಮನೆಯಲ್ಲಿ ಜಗಳವೇನಿಲ್ಲ, ಆದರೆ ಮಾತು ಕಮ್ಮಿಯಾಯಿತು. ತಡೆಯಲಾರದೆ, ನನ್ನ ಹಳೇ ಬೈಕು ಕೊಂಡಿದ್ದ ಕಲಾಸಿಪಾಳ್ಯದ ತರಕಾರಿ ವ್ಯಾಪಾರಿಯನ್ನು ಹುಡುಕಿಕೊಂಡು ಹೋದೆ.

"ಈ ದೊಡ್ಡ ಗಾಡಿ ನೀವಿಟ್ಕೊಳ್ಳಿ, ನನ್ನ ಹಳೇದು ಕೊಟ್ಬಿಡಿ" ಅಂದೆ.

ಅವರು ಕ್ರೂಸರನ್ನು ಒಂದು ಸುತ್ತು ಹಾಕಿದರು. "ಈರುಳ್ಳಿ ಮೂಟೆ ಹಾಕ್ಬೋದಾ?"

"ಆಗಲ್ಲ."

"ಹೆಂಡ್ತೀನ ಕೂರಿಸ್ಬೋದಾ?"

ನಾನು ಹಿಂದಿನ ಸೀಟಿನ ಧೂಳು ಒರೆಸಿದೆ. ಅವರು ನಕ್ಕು ನನ್ನ ಬೆನ್ನು ತಟ್ಟಿದರು. "ಬ್ಯಾಡ ಬಿಡಿ ಸಾಮಿ. ಮನೇಲಿ ನನ್ ಜೊತೆ ಎರಡು ಮಾತಾಡದ ನನ್ ಹೆಂಡ್ತಿ ನಿಮ್ ಹಳೇ ಗಾಡಿ ಹತ್ತಿದ್ರೆ ಶ್ರೀರಾಂಪುರ ಬರೋಗಂಟ ಬಾಯಿ ಮುಚ್ಚಲ್ಲ. ಅದಕ್ಕೇನ್ ಅಭ್ಯಾಸ ಮಾಡ್ಸಿದ್ರಿ ನೀವು?"

೫. ಸುಲ್ತಾನ್‌ಪೇಟೆ

ಮಗಳ ಮದುವೆಯ ಕಾರ್ಡು ಆರಿಸಲು ಸುಲ್ತಾನ್‌ಪೇಟೆಗೆ ಹೋಗಬೇಕಿತ್ತು. ಅವಳು ಆಟೋದಲ್ಲಿ ಹೊರಟಳು. ನಾನೂ ಆಟೋ ಹತ್ತಬಹುದಿತ್ತು. ಹಟಕ್ಕೆ ಬಿದ್ದು ಕ್ರೂಸರ್ ತೆಗೆದುಕೊಂಡು ಹಿಂದೆ ಹೊರಟೆ. ಚಾಮರಾಜಪೇಟೆ ದಾಟುವವರೆಗೂ ಆಟೋ ಕಾಣುತ್ತಿತ್ತು. ಆಮೇಲೆ ಆ ಡ್ರೈವರು ಇದ್ದಕ್ಕಿದ್ದಂತೆ ಜೋರಾಗಿ ಹೋಗಿ, ತಳ್ಳುಗಾಡಿಯಷ್ಟೇ ಅಗಲವಿದ್ದ ಒಂದು ಗಲ್ಲಿಗೆ ನುಗ್ಗಿ ಮಾಯವಾದ. ಆ ಗಲ್ಲಿಯ ಬಾಯಲ್ಲೇ ನನ್ನ ಹ್ಯಾಂಡಲ್ ಸಿಕ್ಕಿಕೊಂಡಿತು. ನಾಲ್ಕು ಜನರ ಹತ್ತಿರ ಬೈಸಿಕೊಂಡು, ಊರೆಲ್ಲ ಸುತ್ತಿ, ಬೆವರು ಸುರಿಸುತ್ತ ಕಾರ್ಡಿನಂಗಡಿ ಮುಟ್ಟಿದೆ. ಅವಳು ಆಗಲೇ ಕೂತು ಕಾರ್ಡು ನೋಡುತ್ತಿದ್ದಳು.

"ಆ ಡ್ರೈವರಿಗೇನು ತಲೆ ಕೆಟ್ಟಿತ್ತಾ?" ಅಂದೆ.

ಅವಳು ಕಾರ್ಡಿನಿಂದ ಕಣ್ಣೆತ್ತದೆ ನಡೆದದ್ದು ಹೇಳಿದಳು. ಡ್ರೈವರು ಕನ್ನಡಿಯಲ್ಲಿ ನೋಡಿ ಕೇಳಿದನಂತೆ: "ಅಮ್ಮಾ, ದೊಡ್ಡ ಗಾಡಿಯೋರೊಬ್ರು ಬಸವನಗುಡಿಯಿಂದ ನಮ್ ಹಿಂದೇನೇ ಬರ್ತಿದಾರೆ. ಗೊತ್ತಿರೋರಾ?"

"ಗೊತ್ತಿರೋರೇ. ಮುಂಚೆ ಇಬ್ರೂ ಒಂದೇ ಗಾಡೀಲಿ ಹೋಗ್ತಿದ್ವಿ" ಅಂದಳಂತೆ ಇವಳು.

"ಅರ್ಥ ಆಯ್ತು ಬಿಡಿ, ಹೆದರ್ಬೇಡಿ" ಅಂದವನೇ ಅವನು ಗಲ್ಲಿಗೆ ನುಗ್ಗಿಸಿದ್ದು. ಇವಳು ಗಂಡನನ್ನು ಬಿಟ್ಟ ಹೆಂಗಸು, ಹಳೇ ಗಂಡ ಬೆನ್ನು ಹತ್ತಿದ್ದಾನೆ ಅಂದುಕೊಂಡಿದ್ದಾನೆ. ಮದುವೆ ಕಾರ್ಡಿನಂಗಡಿ ಮುಂದೆ ಇಳಿದಾಗಂತೂ ಅವನ ಮುಖ ಅರಳಿತಂತೆ. "ಒಳ್ಳೇ ಕೆಲ್ಸ ಮಾಡ್ತಿದೀರಮ್ಮಾ, ವಯಸ್ಸಿಗೇನು. ಈ ಸಲ ಗಂಡು ಚೆನ್ನಾಗಿ ನೋಡಿ ಆರ್ಸಿದೀರ ತಾನೆ?"

ಅಂಗಡಿಯವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ನನಗೆ ನಗು ಬರಲಿಲ್ಲ. "ಅದಕ್ಕೆ ನೀನೇನಂದೆ?" ಅಂದೆ.

ಅವಳು ಕಾರ್ಡು ಕೆಳಗಿಟ್ಟು ನನ್ನ ಕಡೆ ನೋಡಿದಳು.

"ಆ ಸಲಾನೂ ಚೆನ್ನಾಗಿ ನೋಡೇ ಆರ್ಸಿದ್ದೆ ಕಣಪ್ಪಾ, ಆಗ ನಂಗೂ ಜಾಗ ಇರೋ ಗಾಡೀಲಿ ಬಂದಿದ್ರು ಅಂದೆ."