ಚಾರ್ಟಿನಲ್ಲಿ ಇಲ್ಲದ ಬಾಣ

ಸಲಹೆ ಕೊಡುವವನಿಗೆ ಇರಬೇಕಾದ ದೊಡ್ಡ ಅನುಕೂಲವೆಂದರೆ, ಸಲಹೆ ಕೇಳಲು ಬಂದವರು ಅವನ ಮನೆಯವರಾಗಿರಬಾರದು. ಇದು ನನಗೆ ಗೊತ್ತಾದದ್ದು ನಲವತ್ತೆರಡನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ನಾನು ವಾರವಿಡೀ ಜಾವಗಲ್ಲಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿಕೊಂಡು, ಭಾನುವಾರ ಬೆಳಗ್ಗೆ ಹಳೇಬೀಡಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಊರ ಮಕ್ಕಳಿಗೆಲ್ಲ ಪುಕ್ಕಟೆ ಭವಿಷ್ಯ ಹಂಚಿಕೊಂಡು ನೆಮ್ಮದಿಯಾಗಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿದವರು, ಪಿಯುಸಿಯಲ್ಲಿ ಎಡವಿದವರು, ಮಗಳನ್ನು ಮುಂದಕ್ಕೆ ಓದಿಸಬೇಕೋ ಬೇಡವೋ ಎಂದು ಎರಡು ತೆಂಗಿನಕಾಯಿ ಹಿಡಿದು ಬಂದ ಅಪ್ಪಂದಿರು, ಎಲ್ಲರಿಗೂ ನನ್ನ ಹತ್ತಿರ ಉತ್ತರವಿತ್ತು. ಊರಿನಲ್ಲಿ ನನ್ನನ್ನು ಕರೆಯುವುದೇ 'ಮುಂದೇನು ಮೇಷ್ಟ್ರು' ಎಂದು. ಹೆತ್ತವರು ಇಟ್ಟ ರುದ್ರೇಶ ಎಂಬ ಹೆಸರು ಸಂಬಳದ ಚೀಟಿಯಲ್ಲಿ ಮತ್ತು ನಮ್ಮವ್ವನ ಬೈಗುಳದಲ್ಲಿ ಮಾತ್ರ ಉಳಿದಿದೆ.

ನನ್ನ ಈ ಪ್ರಸಿದ್ಧಿಗೆ ಕಾರಣ ಒಂದು ಚಾರ್ಟು. ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ನಾನೇ ನಾಲ್ಕು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದು, ಅರಸೀಕೆರೆಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದು. ಕೆಳಗೆ ಎಸ್ಸೆಸ್ಸೆಲ್ಸಿ. ಅಲ್ಲಿಂದ ಹೊರಟ ಬಾಣಗಳು ಪಿಯುಸಿ, ಡಿಪ್ಲೊಮಾ, ಡಿಗ್ರಿ ಎಂದು ಕವಲೊಡೆದು ಮೇಲೆ ಮೇಲೆ ಹೋಗಿ ಕೆ.ಎ.ಎಸ್. ಎಂಬಲ್ಲಿ ನಿಲ್ಲುತ್ತವೆ. ಅದರ ಮೇಲೊಂದು ಸೂರ್ಯನನ್ನೂ ಬರೆದಿದ್ದೆ. ಚಾರ್ಟನ್ನು ಮೇಜಿನ ಮೇಲೆ ಹರಡಿ, ಕೈಯಲ್ಲಿ ತೆಂಗಿನ ಕಡ್ಡಿ ಹಿಡಿದು ನಾನು ಶುರು ಮಾಡಿದೆನೆಂದರೆ ಎದುರಿಗೆ ಕೂತವರು ಕತ್ತು ಓರೆ ಮಾಡಿಕೊಂಡು ನೋಡುತ್ತಿದ್ದರು. ಆ ಓರೆ ಕತ್ತನ್ನು ನಾನು ಗೌರವ ಎಂದೇ ತಿಳಿದಿದ್ದೆ.

ಒಂದು ಭಾನುವಾರ ಎಲ್ಲರೂ ಎದ್ದು ಹೋದ ಮೇಲೆ ಆ ಖಾಲಿ ಕುರ್ಚಿಯಲ್ಲಿ ನನ್ನ ಹೆಂಡತಿ ಪ್ರಭಾ ಬಂದು ಕೂತಳು. ಕಾಫಿ ತಂದಿರಬೇಕು ಎಂದುಕೊಂಡೆ, ಕೈ ಬರಿದಾಗಿತ್ತು.

"ರೀ, ನಂಗೂ ಒಂದು ಸಲಹೆ ಬೇಕಿತ್ತು. ನಾನು ನರ್ಸಿಂಗ್ ಓದ್ಬೇಕು ಅಂತಿದೀನಿ. ಬಿ.ಎ. ಮುಗಿಸಿರೋರಿಗೆ ದಾರಿ ಎಲ್ಲಿದೆ, ನಿಮ್ಮ ಚಾರ್ಟಲ್ಲಿ ತೋರಿಸಿ," ಎಂದಳು.

ಅಭ್ಯಾಸಬಲದಿಂದ ಕಡ್ಡಿಯನ್ನು ಬಿ.ಎ. ಚೌಕದ ಮೇಲಿಟ್ಟೆ. ಅಲ್ಲಿಂದ ಬಿ.ಎಡ್.ಗೆ ಒಂದು ಬಾಣ, ಎಂ.ಎ.ಗೆ ಒಂದು, ಸರ್ಕಾರಿ ಪರೀಕ್ಷೆಗಳಿಗೆ ಒಂದು. ಎಲ್ಲವೂ ಮೇಲಕ್ಕೆ. ನರ್ಸಿಂಗ್ ಇದ್ದದ್ದು ಆಚೆ ಮೂಲೆಯಲ್ಲಿ, ಪಿಯುಸಿ ಪಕ್ಕ. ಈ ಎರಡರ ನಡುವೆ ಲ್ಯಾಮಿನೇಷನ್ನಿಗೂ ಮೊದಲು ಬಿದ್ದಿದ್ದ ಒಂದು ಕಾಫಿ ಕಲೆ ಬಿಟ್ಟರೆ ಏನೂ ಇರಲಿಲ್ಲ.

"ಇಲ್ಲಿಂದ ಅಲ್ಲಿಗೆ ದಾರಿ ಇಲ್ವಲ್ಲೇ," ಎಂದೆ.

"ದಾರಿ ಇಲ್ವೋ, ನೀವು ಬರೆದಿಲ್ವೋ?" ಎಂದಳು.

ಪ್ರಭಾ ಬಿ.ಎ. ಆದದ್ದೂ ಒಂದು ಕಥೆಯೇ. ಪಿಯುಸಿಯಲ್ಲಿ ಸೈನ್ಸ್ ಓದಿದವಳು. ಸಂಜೆ ಬಸ್ಸಿಗೆ ಮನೆ ಸೇರಿಕೊಳ್ಳಬಹುದಾದ ಕಾಲೇಜಿನಲ್ಲಿ ಬಿ.ಎ. ಮಾತ್ರ ಇತ್ತು ಎಂಬ ಒಂದೇ ಕಾರಣಕ್ಕೆ ಅವರಪ್ಪ ಅವಳಿಗೆ ಇತಿಹಾಸ ಓದಿಸಿದರು. ಅವಳು ಹೊಯ್ಸಳ ದೊರೆಗಳ ವಂಶಾವಳಿ ಬಾಯಿಪಾಠ ಮಾಡಿಕೊಂಡು ಮದುವೆಯಾಗಿ ಬಂದದ್ದು ಹಳೇಬೀಡಿಗೆ. ಇಲ್ಲಿ ದೇವಸ್ಥಾನದ ಗೇಟಿನಲ್ಲಿ ಕಡಲೆಕಾಯಿ ಮಾರುವವರಿಗೂ ಅದು ಬಾಯಿಪಾಠ. ಹೀಗಾಗಿ ಅವಳ ಡಿಗ್ರಿ ಬೀರುವಿನಲ್ಲಿ ಮದುವೆ ಸೀರೆಯ ಕೆಳಗೆ ಭದ್ರವಾಗಿತ್ತು.

ನರ್ಸಿಂಗ್ ಎಂಬ ಮಾತು ಬಂದದ್ದು ನಮ್ಮವ್ವನಿಂದ. ಹೋದ ವರ್ಷ ಅವ್ವ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಮೂರು ತಿಂಗಳು ಮಂಚ. ಹೆತ್ತ ತಾಯಿಯ ಸೇವೆ ಮಾಡುವ ವಿಷಯದಲ್ಲಿ ನನ್ನ ನಿಷ್ಠೆ ದೊಡ್ಡದೇ, ಆದರೆ ಮಂಚದ ಕೆಳಗಿನ ಬೆಡ್‌ಪ್ಯಾನ್ ಈಚೆ ಬಂದ ಕೂಡಲೇ ನನಗೆ "ಅವ್ವನಿಗೆ ಎಳನೀರು ತರ್ಬೇಕು" ಎಂಬುದು ನೆನಪಾಗುತ್ತಿತ್ತು. ಆ ಮೂರು ತಿಂಗಳಲ್ಲಿ ಅವ್ವ ಕುಡಿದಷ್ಟು ಎಳನೀರನ್ನು ನಮ್ಮ ವಂಶದಲ್ಲಿ ಯಾರೂ ಕುಡಿದಿಲ್ಲ. ಪ್ರಭಾ ಮಾತ್ರ ಅವ್ವನನ್ನು ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುತ್ತಾ, ಮೈ ಒರೆಸುತ್ತಾ, ಬೈಸಿಕೊಳ್ಳುತ್ತಾ, ಕೊನೆಗೆ ಕೈ ಹಿಡಿದು ನಡೆಸಿಯೂಬಿಟ್ಟಳು. ನಮ್ಮ ಬೀದಿಯಲ್ಲೇ ಇರುವ ಸ್ಟಾಫ್ ನರ್ಸ್ ಗಿರಿಜಮ್ಮ ಒಂದಿನ ಬಂದು ಅವ್ವನ ಬೆನ್ನು ನೋಡಿದರು. ಒಂದೇ ಒಂದು ಹುಣ್ಣಿರಲಿಲ್ಲ. "ಯಾರ್ರೀ ನೋಡ್ಕೊಂಡಿದ್ದು?" ಎಂದರು. "ನಾವೇ," ಎಂದೆ ನಾನು. ಗಿರಿಜಮ್ಮ ನನ್ನ ಕೈ ನೋಡಿ, ಪ್ರಭಾಳ ಕೈ ನೋಡಿ, "ಇದು ಮನೇಲಿ ಮಡಗ್ಕೊಳೋ ಕೈ ಅಲ್ಲ ಕಣಮ್ಮ," ಎಂದು ಅವಳಿಗೆ ಹೇಳಿ ಹೋದರು. ಆ ಮಾತು ಪ್ರಭಾಳ ಒಳಗೆ ಕೂತುಬಿಟ್ಟಿತ್ತು.

ಅವಳು ನನ್ನೆದುರು ಕೂತ ಹೊತ್ತಿಗೆ ಎಲ್ಲವನ್ನೂ ವಿಚಾರಿಸಿಕೊಂಡೇ ಬಂದಿದ್ದಳು. ದಾರಿ ಎರಡು. ಒಂದು ಜಿ.ಎನ್.ಎಂ., ಮೂರು ವರ್ಷದ ಡಿಪ್ಲೊಮಾ, ಅರಸೀಕೆರೆಯಲ್ಲೇ ಕಾಲೇಜಿದೆ. ಅರ್ಜಿಗೆ ಮುಂದಿನ ಸೋಮವಾರ ಕೊನೆ. ಇನ್ನೊಂದು ಬಿ.ಎಸ್ಸಿ. ನರ್ಸಿಂಗ್, ನಾಲ್ಕು ವರ್ಷದ ಡಿಗ್ರಿ, ಹಾಸನಕ್ಕೆ ಹೋಗಬೇಕು. ಅದರ ಪ್ರವೇಶ ಪರೀಕ್ಷೆ ಈ ವರ್ಷದ್ದು ಮುಗಿದುಹೋಗಿತ್ತು.

"ಮಾಡಿದ್ರೆ ಬಿ.ಎಸ್ಸಿ.ನೇ ಮಾಡ್ಬೇಕು," ಎಂದೆ ತಡಮಾಡದೆ. "ಡಿಗ್ರಿ ಮುಗಿಸಿದೋಳು ಮತ್ತೆ ಡಿಪ್ಲೊಮಾಕ್ಕೆ ಇಳಿಯೋದಾ? ಜನ ಏನಂತಾರೆ? ಮುಂದಿನ ವರ್ಷ ನೋಡೋಣ."

"ನಂಗೀಗ ಮೂವತ್ನಾಲ್ಕು. ಬರೋ ವರ್ಷಕ್ಕೆ ಎರಡು ಕಡೇನೂ ವಯಸ್ಸು ಮೀರುತ್ತೆ. ಈ ಸೋಮವಾರ ಬಿಟ್ರೆ ನಂಗೆ ಎರಡೂ ಇಲ್ಲ ರೀ. ಜಿ.ಎನ್.ಎಂ. ಮುಗಿಸಿದ ಮೇಲೆ ಬೇಕಾದ್ರೆ ಇನ್ನೆರಡು ವರ್ಷ ಓದಿ ಬಿ.ಎಸ್ಸಿ. ಮಾಡ್ಬೋದಂತೆ, ಗಿರಿಜಮ್ಮ ಹೇಳಿದ್ರು."

"ನಿಯಮ ಬದಲಾದ್ರೂ ಆಗ್ಬೋದು," ಎಂದೆ, ನಿಯಮ ಮಾಡುವವರು ನನ್ನನ್ನು ಕೇಳಿಯೇ ಮಾಡುತ್ತಾರೆ ಎಂಬಂತೆ. ಡಿಪ್ಲೊಮಾದಿಂದ ಬಿ.ಎಸ್ಸಿ.ಗೆ ಹೋಗುವ ಆ ಬಾಣವೂ ನನ್ನ ಚಾರ್ಟಿನಲ್ಲಿ ಇರಲಿಲ್ಲ.

ಈಗ ನಿಜ ಹೇಳಿಬಿಡುತ್ತೇನೆ. 'ಮುಂದಿನ ವರ್ಷ ನೋಡೋಣ' ಎಂದರೆ ನಮ್ಮ ಕಡೆ ಮನೆಗಳಲ್ಲಿ 'ಬೇಡ' ಎಂದೇ ಅರ್ಥ. ಗಲಾಟೆ ಆಗಬಾರದು ಎಂದು ಹಾಗೆ ಹೇಳುತ್ತೇವೆ. ನನ್ನ ಕಣ್ಣ ಮುಂದಿದ್ದದ್ದು ಪ್ರಭಾಳ ಭವಿಷ್ಯವಲ್ಲ, ನನ್ನ ಬೆಳಗಿನ ಉಪ್ಪಿಟ್ಟು. ಐದನೇ ಕ್ಲಾಸಿನ ಮಗಳು ಸಿಂಚನಾಗೆ ಜಡೆ ಹಾಕುವವರು ಯಾರು, ಅವ್ವನಿಗೆ ಮಾತ್ರೆ ಕೊಡುವವರು ಯಾರು, ನಾನು ಬೆಳಗ್ಗೆ "ಕರ್ಚೀಫ್ ಎಲ್ಲೇ?" ಎಂದು ಕೂಗಿದರೆ ಉತ್ತರ ಯಾವ ಕಡೆಯಿಂದ ಬರುತ್ತದೆ? ಹೊಟ್ಟೆಯಿಂದ ಹುಟ್ಟಿದ ಚಿಂತೆಗೆ ನಾನು ಬಿ.ಎಸ್ಸಿ. ಎಂಬ ಗೌರವದ ಶಾಲು ಹೊದಿಸಿದ್ದೆ. ಊರಿನವರ ಹೆಣ್ಣುಮಕ್ಕಳಿಗೆ "ಓದಿ, ಧೈರ್ಯವಾಗಿ ಓದಿ" ಎಂದು ಹೇಳಿದ ಬಾಯಿಯೇ ಇದು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮನೆಯಲ್ಲಿ ನಾಲ್ಕು ದಿನ ಮಾತು ಕಮ್ಮಿಯಾಯಿತು, ಸಾರಿಗೆ ಉಪ್ಪು ಜಾಸ್ತಿಯಾಯಿತು. ಕೊನೆಗೆ ಅವ್ವ, "ನಿಮ್ಮಿಬ್ರದ್ದೂ ಹಿಂಗೇ ಆದ್ರೆ ಬಗೆಹರಿಯಾಕಿಲ್ಲ, ನಡೀರಿ ತಾಯಿ ಹತ್ರ ಹೂ ಕೇಳನ," ಎಂದಳು. ಅವ್ವನ ತವರು ಗೆಂಡೆಹಳ್ಳಿ ಕಡೆ. ಅಲ್ಲಿನ ಊರಮ್ಮನ ಗುಡಿಯಲ್ಲಿ ದೇವಿಯ ವಿಗ್ರಹಕ್ಕೆ ನೀರು ಚಿಮುಕಿಸಿ ಎರಡೂ ಭುಜದ ಮೇಲೆ ಹೂ ಅಂಟಿಸುತ್ತಾರೆ. ಮನಸ್ಸಿನಲ್ಲಿ ಕೆಲಸ ನೆನೆದು ಕಾಯಬೇಕು. ಬಲಗಡೆ ಹೂ ಬಿದ್ದರೆ ಆಗಲಿ ಎಂದು, ಎಡಗಡೆ ಬಿದ್ದರೆ ಬೇಡ ಎಂದು. ವೈಜ್ಞಾನಿಕ ಮನೋಭಾವದ ಬಗ್ಗೆ ಮಕ್ಕಳಿಗೆ ಪ್ರಬಂಧ ಬರೆಸುವ ನಾನು ಕೂಡಲೇ ಒಪ್ಪಿಕೊಂಡೆ. ಒಪ್ಪಿದ್ದು ಭಕ್ತಿಯಿಂದಲ್ಲ, ಸೋಮವಾರಕ್ಕೆ ಇನ್ನು ಎರಡೇ ದಿನವಿತ್ತು, ಒಂದು ದಿನ ಇದರಲ್ಲಿ ಕಳೆಯುತ್ತದಲ್ಲ ಎಂದು.

ಶನಿವಾರ ಮಧ್ಯಾಹ್ನ ಗುಡಿಯಲ್ಲಿ ನಾವು ನಾಲ್ವರೂ ನಿಂತೆವು. ಪ್ರಶ್ನೆಯನ್ನು ನಾನೇ ತಯಾರು ಮಾಡಿದ್ದೆ. "ಬಿ.ಎಸ್ಸಿ. ಆದ್ರೆ ಬಲಕ್ಕೆ ಕೊಡು ತಾಯಿ, ಜಿ.ಎನ್.ಎಂ. ಆದ್ರೆ ಎಡಕ್ಕೆ ಕೊಡು." ಶುಭದ ಬಲಗಡೆಯನ್ನು ಬಿ.ಎಸ್ಸಿ.ಗೆ ಕೊಟ್ಟದ್ದು ನನ್ನ ಜಾಣತನ. ಪೂಜಾರಪ್ಪನವರಿಗೆ ಇದು ಸರಿಹೋಗಲಿಲ್ಲ. "ಒಂದ್ ಕೆಲ್ಸ ಆಯ್ತದಾ ಇಲ್ವಾ ಅಂತ ಕೇಳ್ಬೇಕು ಮೇಷ್ಟ್ರೇ. ಇದೇನು ಸರಿ ಉತ್ತರ ಆರಿಸೋ ಪರೀಕ್ಷೆನಾ?" ಎಂದರು. ಆದರೂ ನನ್ನ ಹಟಕ್ಕೆ ಹೂ ಅಂಟಿಸಿದರು.

ಅರ್ಧ ಗಂಟೆ ಕಾದೆವು. ಅವ್ವ ಕಣ್ಣು ಮುಚ್ಚಿದ್ದಳು. ಪ್ರಭಾ ಕಣ್ಣು ಬಿಟ್ಟುಕೊಂಡೇ ಇದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ. ಅವಳಿಗೆ ಅಷ್ಟು ಬೇಕಾಗಿದೆ ಎಂಬುದು ನನಗೆ ಆಗ ಮೊದಲ ಸಲ ಕಾಣಿಸಿತು, ಕಾಣಿಸಿದ್ದನ್ನು ಕಾಣಲಿಲ್ಲ ಎಂದುಕೊಂಡೆ. ಅಷ್ಟರಲ್ಲಿ ನನ್ನ ಬಲಗೈ ಕಡೆಯಿಂದ ಒಂದು ಕಣಗಿಲೆ ಹೂ ಟಪ್ಪನೆ ಬಿತ್ತು.

"ಬಲಗಡೆ! ಬಿ.ಎಸ್ಸಿ.! ತಾಯಿನೇ ಹೇಳಿದ್ಲು ನೋಡು!" ಎಂದು ನಾನು ಗುಡಿ ಮೊಳಗುವಂತೆ ಕೂಗಿದೆ.

ಯಾರೂ ಕೈ ಮುಗಿಯಲಿಲ್ಲ. ಸಿಂಚನಾ ನನ್ನ ಅಂಗಿ ಜಗ್ಗಿ, "ಅಪ್ಪಾ, ಅದು ನಿನ್ ಬಲ. ದೇವ್ರು ನಮ್ ಕಡೆ ಮುಖ ಮಾಡ್ಕೊಂಡು ನಿಂತಿದೆ ಅಲ್ವಾ? ದೇವ್ರಿಗೆ ಅದು ಎಡ," ಎಂದಳು.

"ಮಗು ಹೇಳಿದ್ದೇ ದಿಟ," ಎಂದರು ಪೂಜಾರಪ್ಪ ನಗು ತಡೆದುಕೊಂಡು. "ಹೂವಿನ ಎಡ ಬಲ ತಾಯಿದು ಮೇಷ್ಟ್ರೇ, ನಮ್ದಲ್ಲ."

ಇಪ್ಪತ್ತು ವರ್ಷದಿಂದ ನಕಾಶೆ ತೂಗುಹಾಕಿ ದಿಕ್ಕು ಕಲಿಸುತ್ತಿರುವವನಿಗೆ ಹೀಗಾಗಬಾರದಿತ್ತು. ಆದರೆ ಸೋಲೊಪ್ಪಿಕೊಳ್ಳುವ ಜಾತಿ ನನ್ನದಲ್ಲ. ಎಡಗಡೆ ಹೂ ಎಂದರೆ ಅಶುಭ, ಆದ್ದರಿಂದ ಅದು ಲೆಕ್ಕಕ್ಕಿಲ್ಲ, ಇನ್ನೊಂದು ಸಲ ಕೇಳೋಣ ಎಂದು ವಾದ ತೆಗೆದೆ. ಆಗ ಅವ್ವ ಕೋಲೂರಿಕೊಂಡು ಮುಂದೆ ಬಂದು ಆ ಹೂವನ್ನು ಎತ್ತಿಸಿಕೊಂಡಳು.

"ಲೋ ರುದ್ರ, ಹೂ ಎಡಕ್ಕಾರ ಬೀಳ್ಲಿ ಬಲಕ್ಕಾರ ಬೀಳ್ಲಿ, ಮುಡ್ಕೊಳೋಳು ಅವ್ಳು ಕಣ್ಲಾ. ಮಧ್ಯದಾಗೆ ನಿಂದೇನೈತೆ ಕುಣಿತ? ಮೂರು ತಿಂಗ್ಳು ನನ್ನ ಎತ್ತಿ ಇಳಿಸ್ದೋಳು ಅವ್ಳು. ನೀನು ಎಳನೀರ್ ತರಾಕ್ ಹೋಗಿದ್ದೆ," ಎಂದು ಹೇಳಿ ಸೊಸೆಯ ಮುಡಿಗೆ ಹೂವಿಟ್ಟಳು.

ಎಳನೀರಿನ ಗುಟ್ಟು ಅವ್ವನಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನು ತಟ್ಟೆಗೆ ಕಾಸು ಹಾಕಿ ಚಪ್ಪಲಿ ಹುಡುಕಲು ಹೊರಗೆ ಹೋದೆ. ವಾಪಸ್ ಬರುವಾಗ ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ಹಳೇಬೀಡಿನ ಬಸ್ಸಿಗೆ ಕಾಯುತ್ತಿದ್ದಾಗ ಪ್ರಭಾ ವ್ಯಾನಿಟಿ ಬ್ಯಾಗಿನಿಂದ ಅರ್ಜಿ ತೆಗೆದಳು. ಎಲ್ಲ ತುಂಬಿ ಆಗಿತ್ತು, 'ಪೋಷಕರ ಅಥವಾ ಗಂಡನ ಸಹಿ' ಎಂಬುದೊಂದು ಖಾಲಿ ಇತ್ತು. ಅಲ್ಲೇ ಕಲ್ಲುಬೆಂಚಿನ ಮೇಲಿಟ್ಟು ಸಹಿ ಹಾಕಿದೆ. "ಥ್ಯಾಂಕ್ಸ್ ರೀ," ಎಂದಳು. ಹದಿಮೂರು ವರ್ಷದ ಸಂಸಾರದಲ್ಲಿ ಅವಳು ನನಗೆ ಥ್ಯಾಂಕ್ಸ್ ಹೇಳಿದ್ದು ಅದೇ ಮೊದಲು, ಅದೂ ಅವಳದೇ ಆದ ಒಂದು ವಸ್ತುವನ್ನು ಅವಳಿಗೆ ವಾಪಸ್ ಕೊಟ್ಟಿದ್ದಕ್ಕೆ.

ಈಗ ಬೆಳಗ್ಗೆ ನಾವಿಬ್ಬರೂ ಒಂದೇ ಬಸ್ಸು ಹತ್ತುತ್ತೇವೆ. ಜಾವಗಲ್ಲಿನಲ್ಲಿ ನಾನು ಇಳಿಯುತ್ತೇನೆ, ಅವಳು ಯೂನಿಫಾರಮ್ಮಿನ ಮೇಲೆ ಸ್ವೆಟರ್ ಹಾಕಿಕೊಂಡು ಅರಸೀಕೆರೆಗೆ ಹೋಗುತ್ತಾಳೆ. ಸಹಪಾಠಿಗಳೆಲ್ಲ ಅವಳಿಗಿಂತ ಹದಿನೈದು ವರ್ಷ ಚಿಕ್ಕವರು, 'ಅಕ್ಕ' ಎನ್ನುತ್ತಾರಂತೆ. ಮನೆಯಲ್ಲಿ ನನ್ನ ಉಪ್ಪಿಟ್ಟು ಮೊದಮೊದಲು ಗೋಡೆಗೆ ಪೋಸ್ಟರ್ ಅಂಟಿಸಲು ಯೋಗ್ಯವಾಗಿತ್ತು, ಈಗ ತಿನ್ನಬಹುದು. ಸಿಂಚನಾಳ ಎರಡು ಜಡೆಗಳು ಮಾತ್ರ ಇನ್ನೂ ಒಂದು ಮೇಲೆ ಒಂದು ಕೆಳಗೆ. ಕರ್ಚೀಫು ನನ್ನ ಜೇಬಿನಲ್ಲೇ ಇರುತ್ತದೆ ಎಂಬ ಸಂಗತಿ ನನಗೆ ಹೊಸದು.

ಮೊದಲ ತಿಂಗಳಲ್ಲೇ ಒಂದು ಸಂಜೆ ಅವಳು ಬಿ.ಪಿ. ನೋಡುವುದನ್ನು ಅಭ್ಯಾಸ ಮಾಡಲು ನನ್ನನ್ನು ಕೂರಿಸಿಕೊಂಡಳು. "ಬಲಗೈ ಕೊಡಿ," ಎಂದಳು. ಕೊಟ್ಟೆ. ಪಟ್ಟಿ ಸುತ್ತುತ್ತಾ, ಪಾಠ ಒಪ್ಪಿಸುವವಳಂತೆ, "ನಮ್ಮ ಮೇಡಂ ಮೊದಲ್ನೇ ದಿನಾನೇ ಹೇಳಿದ್ರು. ಎಡ ಬಲ ಅನ್ನೋದು ಯಾವಾಗ್ಲೂ ಪೇಷೆಂಟಿದು, ಎದುರಿಗೆ ನಿಂತಿರೋ ನಮ್ಮದಲ್ಲ. ಮರೆತ್ರೆ ತಪ್ಪು ಕಡೆಗೆ ಕೈ ಹಾಕ್ತೀರ ಅಂದ್ರು," ಎಂದಳು. ಆಮೇಲೆ ನಮ್ಮಿಬ್ಬರಿಗೂ ಗುಡಿ ನೆನಪಾಯಿತು. ಅವಳು ನಕ್ಕಳು. ನನ್ನ ಬಿ.ಪಿ. ಸ್ವಲ್ಪ ಜಾಸ್ತಿ ಬಂತು.

ಅದರ ಮುಂದಿನ ಭಾನುವಾರ ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಅವರಮ್ಮನ ಜೊತೆ ಬಂದಳು. ಚಾರ್ಟು ಹರಡಿ, ಕಡ್ಡಿ ಹಿಡಿದು, ಬಾಯಿ ತೆರೆಯುವ ಮುಂಚೆ ಯಾಕೋ ಎದ್ದು ಕುರ್ಚಿ ಎಳೆದುಕೊಂಡು ಅವರ ಕಡೆಗೇ ಹೋಗಿ ಕೂತೆ. ಅಲ್ಲಿಂದ ನೋಡಿದರೆ ಸೂರ್ಯ ಕೆಳಗಿದ್ದ, ಎಸ್ಸೆಸ್ಸೆಲ್ಸಿ ಮೇಲಿತ್ತು, ಅಕ್ಷರವೆಲ್ಲ ತಲೆಕೆಳಗಾಗಿ ನಿಂತಿತ್ತು, ಬಾಣಗಳೆಲ್ಲ ಸೀದಾ ನೆಲ ನೋಡುತ್ತಿದ್ದವು. ಇಷ್ಟು ವರ್ಷ ಈ ಊರಿನ ಮಕ್ಕಳು ಕತ್ತು ಓರೆ ಮಾಡಿಕೊಂಡು ತಮ್ಮ ಭವಿಷ್ಯವನ್ನು ಓದಿದ್ದು ಹೀಗೆ. ಒಬ್ಬರಾದರೂ "ಚಾರ್ಟು ತಿರುಗಿಸಿ ಮೇಷ್ಟ್ರೇ" ಎನ್ನಲಿಲ್ಲ.