ಕಾದಂಬರಿಗೆ ಅರ್ಥ ಹೇಳಿದ್ದು

ಮಕ್ಕಳಿಗೆಂದು ಪದ್ಯದಲ್ಲಿ ಕಾದಂಬರಿ ಬರೆಯಲು ಯಾರಾದರೂ ಹೊರಟರೆ ನಾನು ಬೇಡ ಎನ್ನುವವನಲ್ಲ. ಯಾವ ಊರಿನಲ್ಲಿ ಕುಳಿತು ಬರೆಯುತ್ತೀರಿ ಎಂಬುದನ್ನು ಮಾತ್ರ ಮೊದಲು ನೋಡಿಕೊಳ್ಳಿ ಎನ್ನುತ್ತೇನೆ. ಬೇರೆ ಕಡೆಗಳಲ್ಲಿ ಪದ್ಯ ಕಂಡರೆ ಜನ ಪುಟ ತಿರುವಿ ಮುಂದೆ ಹೋಗುತ್ತಾರಂತೆ. ಎಷ್ಟು ಸುಖ! ಪುತ್ತೂರು, ಸುಳ್ಯ, ಕಡಬದ ಕಡೆ ಹಾಗಲ್ಲ. ಇಲ್ಲಿ ಪದ್ಯ ಕಂಡರೆ ಒಬ್ಬರು ಹಾಡುತ್ತಾರೆ, ಒಬ್ಬರು ಮದ್ದಳೆ ತರುತ್ತಾರೆ, ಉಳಿದವರು ಎದುರುಬದುರು ಕುಳಿತು ಒಂದೊಂದು ಪಾತ್ರವಾಗಿ ಅದಕ್ಕೆ ಅರ್ಥ ಹೇಳುತ್ತ ವಾದಕ್ಕೆ ನಿಲ್ಲುತ್ತಾರೆ. ತಾಳಮದ್ದಳೆ ಎನ್ನುವುದು ಇದಕ್ಕೇ. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ಮಾತಿನಲ್ಲಿ ಯಾರೇ ಗೆಲ್ಲಲಿ, ಕೊನೆಗೆ ಕಥೆ ಮಾತ್ರ ಪದ್ಯದಲ್ಲಿದ್ದಂತೆಯೇ ಮುಗಿಯಬೇಕು ಎಂಬುದು ಅದರ ಮರ್ಯಾದೆ. ಆ ಮರ್ಯಾದೆಯನ್ನು ನಂಬಿ ನಾನು ಕೆಟ್ಟೆ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಾನು ಕಡಬದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದೆ. ನನ್ನ ಮಕ್ಕಳು, ಅಂದರೆ ಶಾಲೆಯ ಮಕ್ಕಳು, ಪಾಠದ ಪುಸ್ತಕ ಬಿಟ್ಟು ಬೇರೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಕಾದಂಬರಿಯ ದಪ್ಪ ನೋಡಿ ಹೆದರುತ್ತಿದ್ದರು. ನಾನು ತುಂಬ ಯೋಚಿಸಿ ಒಂದು ಉಪಾಯ ಕಂಡುಕೊಂಡೆ. ಕಾದಂಬರಿಯನ್ನೇ ಪದ್ಯದಲ್ಲಿ ಬರೆದರೆ ಹೇಗೆ? ಸಾಲು ಗಿಡ್ಡ, ಪುಟದ ಅರ್ಧ ಖಾಲಿ. ಹುಡುಗ ಪುಟ ತಿರುವಿದ್ದೇ ತಿರುವಿದ್ದು. ಅಬ್ಬ, ಎಷ್ಟು ಓದಿಬಿಟ್ಟೆ ಎಂದು ಅವನಿಗೇ ತನ್ನ ಮೇಲೆ ಗೌರವ ಹುಟ್ಟಬೇಕು. ಪುತ್ತೂರಿನ ಪ್ರೆಸ್ಸಿನವರಿಗೆ ಈ ಖಾಲಿ ಜಾಗ ಹಿಡಿಸಲಿಲ್ಲ. “ಬದಿಯಲ್ಲಿ ಇಷ್ಟು ಜಾಗ ಸುಮ್ಮನೆ ಬಿಡುದು ಎಂತಕೆ ಮಾರಾಯ್ರೆ? ಅಲ್ಲಿ ಅಡಿಕೆ ಮಂಡಿಯ ಜಾಹೀರಾತು ಹಾಕುವ” ಎಂದರು. ಮಕ್ಕಳ ಸಾಹಿತ್ಯದ ಘನತೆಯ ಬಗ್ಗೆ ಅವರಿಗೊಂದು ಉಪನ್ಯಾಸ ಕೊಟ್ಟು ಜಾಗ ಉಳಿಸಿಕೊಂಡೆ.

ಕಥೆ ಸರಳ. ಕಮಲಿ ಎಂಬ ಹುಡುಗಿಗೆ ಬೊಳ್ಳಿ ಎಂಬ ಬಿಳಿ ಆಡಿನ ಮರಿ. ರಸ್ತೆ ಬದಿ ಮೇಯುತ್ತಿದ್ದ ಮರಿಯನ್ನು ಒಬ್ಬ ಲಾರಿ ಡ್ರೈವರ್ ಎತ್ತಿ ಹಾಕಿಕೊಂಡು ಹೋಗುತ್ತಾನೆ. ಕಮಲಿ ಹಿಂದೆ ಓಡುತ್ತಾಳೆ. ಶಿರಾಡಿ ಘಾಟಿ ಹತ್ತುವ ಮುಂಚೆ ಚಾ ಕುಡಿಯಲೆಂದು ಲಾರಿ ಗುಂಡ್ಯದಲ್ಲಿ ನಿಲ್ಲುತ್ತದೆ. ಅವಳ ಕಣ್ಣೀರು ನೋಡಿ ಡ್ರೈವರನ ಮನಸ್ಸು ಕರಗಿ,

‘ಕೊಡುವೆನು ಮರಿಯನು, ಅಳದಿರು ಮಗಳೇ’
ಎಂದನು ಚಾಲಕ ತಲೆಯನು ಬಾಗಿ

ಎಂದು ಮುಗಿಯುತ್ತದೆ. ಬರೆಯುವಾಗ ನಾನೇ ಎರಡು ಸಲ ಕನ್ನಡಕ ತೆಗೆದು ಒರೆಸಿದ್ದೆ. ಒಗ್ಗರಣೆ ಹಾಕುತ್ತ ಕೇಳಿದ ನನ್ನ ಹೆಂಡತಿ ಶಾರದೆಯೂ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಅದು ಒಗ್ಗರಣೆಯ ಹೊಗೆಗೆ ಎಂದು ಅವಳು ಇಂದಿಗೂ ಹೇಳುತ್ತಾಳೆ, ನಾನು ನಂಬುವುದಿಲ್ಲ.

ಪುಸ್ತಕಗಳನ್ನು ತರಗತಿಯಲ್ಲಿ ಹಂಚಿದೆ. ಮಕ್ಕಳು ತೆರೆದರು, ಪದ್ಯ ಕಂಡರು, ಮುಖ ಸಣ್ಣಗಾಯಿತು. ಎಂಟನೇ ತರಗತಿಯ ಲಿಸ್ಸಿ ಎದ್ದು ನಿಂತಳು. ಕೇರಳದಿಂದ ಬಂದು ನೆಲ್ಯಾಡಿ ಕಡೆ ರಬ್ಬರು ತೋಟ ಹಾಕಿದ ಕುಟುಂಬದವಳು. ಮನೆಯಲ್ಲಿ ಮಲಯಾಳ, ಅಂಗಡಿಯಲ್ಲಿ ತುಳು, ನನ್ನ ಜೊತೆ ಕನ್ನಡ, ಮೂರರಲ್ಲೂ ಒಂದೇ ಧೈರ್ಯ. “ಸರ್, ಇದು ಎಷ್ಟು ಪದ್ಯ ಬಾಯಿಪಾಠಕ್ಕೆ ಉಂಟು?” ಎಂದಳು. ಒಂದೂ ಇಲ್ಲ, ಮನೆಯಲ್ಲಿ ಒಬ್ಬರೇ ಕುಳಿತು ಕಥೆಯ ಹಾಗೆ ಓದುವುದು ಎಂದೆ. “ಬಾಯಿಪಾಠ ಇಲ್ಲದಿದ್ರೆ ಪದ್ಯ ಯಾರು ಓದುದು ಸರ್?” ಎಂದು ಅವಳು ಕೇಳಿದ್ದರಲ್ಲಿ ಉದ್ಧಟತನವೇನೂ ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು. ಪುಸ್ತಕಗಳು ಲೈಬ್ರರಿಯ ಕಪಾಟು ಸೇರಿದವು. ಒಂದು ಮಗುವಾದರೂ ಅದನ್ನು ಕೊನೆಯವರೆಗೆ ಓದಿದರೆ ಸಾಕು ಎಂಬಲ್ಲಿಗೆ ನನ್ನ ಆಸೆ ಇಳಿಯಿತು. ವಾರಗಟ್ಟಲೆ ಆ ಕಪಾಟಿನ ಎದುರು ಸುಳಿದಾಡಿದೆ. ಯಾರೂ ಬರಲಿಲ್ಲ. ನಿಜ ಹೇಳುತ್ತೇನೆ, ತುಂಬ ಬೇಸರವಾಯಿತು.

ಕೊನೆಗೆ ಒಂದು ಪ್ರತಿ ತೆಗೆದವರು ನಮ್ಮ ಡ್ರಿಲ್ ಮಾಸ್ತರು ಗಣಪಯ್ಯ. ಅವರು ಹಗಲು ಸೀಟಿ ಊದುವವರು, ರಜೆಯಲ್ಲಿ ಭಾಗವತರಾಗಿ ತಾಳಮದ್ದಳೆಗೆ ಪದ್ಯ ಹಾಡುವವರು. ಸ್ಟಾಫ್ ರೂಮಿನಲ್ಲಿ ಕುಳಿತು ಪುಟ ತೆರೆದವರೇ ಮೇಜು ಬಡಿದು ಎತ್ತರದ ಸ್ವರದಲ್ಲಿ ಹಾಡತೊಡಗಿದರು. “ಪಂಡಿತ್ರೆ, ಪ್ರಸಂಗ ಬರ್ದದ್ದು ನೀವು ಹೇಳ್ಲೇ ಇಲ್ಲ!” ಎಂದರು. ತಾಳಮದ್ದಳೆಯಲ್ಲಿ ಹಾಡುವ ಪ್ರಸಂಗವಲ್ಲ, ಓದುವ ಕಾದಂಬರಿ ಎಂದೆ. “ಕಾದಂಬರಿಗೆ ಪದ್ಯ ಎಂತಕೆ ಮಾರಾಯ್ರೆ?” ಎಂದರು. ಇದಕ್ಕೆ ನನ್ನಲ್ಲಿ ಉತ್ತರ ಸಿದ್ಧವಾಗುವಷ್ಟರಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಅದನ್ನೇ ತಾಳಮದ್ದಳೆ ಮಾಡುವುದೆಂದು ಅವರು ಹೆಡ್ಮಾಸ್ತರ ಒಪ್ಪಿಗೆಯನ್ನೂ ಪಡೆದಾಗಿತ್ತು. ಡ್ರೈವರನ ಅರ್ಥಕ್ಕೆ ನಮ್ಮ ಪಕ್ಕದ ಸವಣೂರಿನ ಮಹಾಬಲ ರೈಗಳು. ಕಮಲಿಗೆ, ಬರೆದವರೇ ಆದೀತು ಎಂದು, ನಾನು.

ರೈಗಳದ್ದು ಜವಳಿ ಅಂಗಡಿ. ಮೈ ಒರೆಸುವ ಬೈರಾಸು ತರಲು ಹೋದವನು ಕಿಟಕಿ ಪರದೆ ತರುವಂತೆ ಮಾಡುವ ಬಾಯಿ ಅವರದ್ದು. ಪರದೆ ಹಾಕಲು ಮನೆಯಲ್ಲಿ ಕಿಟಕಿ ಇದೆಯೇ ಎಂಬುದು ಬಸ್ಸು ಇಳಿದ ಮೇಲೆ ನೆನಪಾಗುತ್ತದೆ. ಆದರೂ ನನಗೆ ಹೆದರಿಕೆಯಿರಲಿಲ್ಲ. ಕಥೆ ನನ್ನದು. ಏನೇ ಮಾತಾಡಿದರೂ ಕೊನೆಗೆ ಮರಿ ಕೊಡಲೇಬೇಕಲ್ಲ! ಮಕ್ಕಳು ಕೇಳಿಯಾದರೂ ಆಮೇಲೆ ಓದಿಯಾರು ಎಂಬ ಒಳಗಿನ ಆಸೆಯೂ ಇತ್ತು.

ಶನಿವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಕನ್ನಡಕ ಹಾಕಿಕೊಂಡು, ಕಚ್ಚೆ ಉಟ್ಟುಕೊಂಡು, ನಾನು ಕಮಲಿಯಾಗಿ ಅತ್ತೆ. ಎದುರಿನಿಂದ ರೈಗಳು ಶುರುಮಾಡಿದರು. ಅಂಗಡಿಯ ಮಾತಲ್ಲ, ತಾಳಮದ್ದಳೆಯ ಘನ ಕನ್ನಡ: “ಎಲೆ ಬಾಲೆ, ನಾನು ಯಾರೆಂದು ಬಲ್ಲೆಯಾ? ಶಿರಾಡಿಯ ತಿರುವುಗಳನ್ನು ಆಷಾಢದ ಮಂಜಿನಲ್ಲಿ ಏರಿದವನು. ಕಳ್ಳನೆಂದೆಯಲ್ಲ, ಮರಿ ನಿನ್ನದೆಂಬುದಕ್ಕೆ ಪ್ರಮಾಣವೇನು?” ನಾನು ಪ್ರೀತಿಯೇ ಪ್ರಮಾಣ ಎಂದೆ. ಚೆನ್ನಾಗಿಯೇ ಹೇಳಿದೆ ಎನಿಸಿತು. “ಪ್ರೀತಿ! ಯಾರದ್ದು? ನಿನ್ನದೋ, ನಿನ್ನ ತಂದೆಯದೋ?” ಎಂದರು ರೈಗಳು. ಇಬ್ಬರದ್ದೂ ಎಂದೆ. ಅವರು ಭಾಗವತರತ್ತ ತಿರುಗಿ, ಎರಡನೆಯ ಅಧ್ಯಾಯದ ಆ ಪದವನ್ನೊಮ್ಮೆ ಹಾಡಬೇಕು ಎಂದರು. ಗಣಪಯ್ಯ ಹಾಡಿದರು:

ಬೊಳ್ಳಿಯ ಬೆನ್ನನು ತಟ್ಟಿದನಪ್ಪ
‘ಆಯಿತು ನೋಡೇ ಎಷ್ಟೋ ದಪ್ಪ!’

“ತಂದೆಯಾದವನು ಆಡಿನ ಬೆನ್ನು ತಟ್ಟಿ ದಪ್ಪ ನೋಡುವುದು ಯಾವ ಪ್ರೀತಿಯಿಂದ? ಹೇಳು ಮಗಳೇ.”

ಅಲ್ಲಿದ್ದ ಅರ್ಧದಷ್ಟು ಮಕ್ಕಳ ಮನೆಯಲ್ಲಿ ಆಡು, ಕೋಳಿ ಸಾಕುತ್ತಿದ್ದರು. ಬೆನ್ನು ಯಾಕೆ ತಟ್ಟುತ್ತಾರೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೊತ್ತಿಲ್ಲದವನು ನಾನೊಬ್ಬ. ಪ್ರಾಸಕ್ಕಾಗಿ ಬರೆದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಮಲಿಯ ಬಾಯಲ್ಲಿ ಅದು ಸಲ್ಲುವಂತಿರಲಿಲ್ಲ. ರೈಗಳು ಸ್ವರ ತಗ್ಗಿಸಿದರು. “ಈ ಲಾರಿ ಘಾಟಿ ದಾಟಿದರೆ ಮರಿಗೆ ಹುಲ್ಲುಂಟು, ಆಯುಷ್ಯವುಂಟು. ಹಿಂದೆ ಹೋದರೆ ಕತ್ತಿಯಲ್ಲದೆ ಮತ್ತೇನುಂಟು? ನಾನು ಕದ್ದವನಲ್ಲ ಮಗಳೇ, ಕಾಪಾಡಿದವನು.” ಮಕ್ಕಳು ಚಪ್ಪಾಳೆ ಹೊಡೆದರು. ನನಗೆ ಬೊಳ್ಳಿಯ ಮೇಲೆ ಎಲ್ಲಿಲ್ಲದ ಕರುಣೆ ಉಕ್ಕಿ ಬಂತು. “ಹಾಗಾದರೆ ನೀನೇ ಇಟ್ಟುಕೋ” ಎಂದುಬಿಟ್ಟೆ.

ಗಣಪಯ್ಯ ನನ್ನ ಮುಖ ನೋಡಿದರು. ಕೊಡುವೆನು ಮರಿಯನು ಎಂಬ ಪದ ಇನ್ನು ಹಾಡುವುದು ಹೇಗೆ? ಒಂದು ಪುಟ ಹಿಂದೆ, ಒಂದು ಪುಟ ಮುಂದೆ ತಿರುವಿ, ಬೇರೆ ದಾರಿ ಕಾಣದೆ ಮಂಗಳ ಹಾಡಿದರು. ಚಾ ಕುಡಿಯುವಾಗ ರೈಗಳು ನನ್ನ ಹೆಗಲ ಮೇಲೆ ಕೈಯಿಟ್ಟು, “ನಾನು ಕೊಡ್ಲಿಕ್ಕೇ ಇದ್ದೆ ಪಂಡಿತ್ರೆ. ಇನ್ನೊಂದು ಪದ ಹಾಡಿ ಆದ್ರೆ ಕೊಡುದು ಅಂತ ಇದ್ದೆ. ನೀವು ಅಷ್ಟು ಬೇಗ ಬಿಟ್ಟದ್ದು ಎಂತಕೆ?” ಎಂದು ನಿಜವಾದ ಕನಿಕರದಿಂದ ಕೇಳಿದರು. ಮರ್ಯಾದೆ ಮುರಿದವರು ಅವರಲ್ಲ, ನಾನು. ಮನೆಯಲ್ಲಿ ಶಾರದೆ ಬಡಿಸುತ್ತ, “ಅಂತೂ ಆಡು ಹೋಯ್ತು” ಎಂದಷ್ಟೇ ಹೇಳಿ ಸಾರಿನ ಪಾತ್ರೆ ಮುಚ್ಚಿದಳು.

ಸೋಮವಾರ ಕಪಾಟು ಖಾಲಿಯಾಗಿತ್ತು. ಅಪ್ಪ ನಿಜವಾಗಿ ಬೆನ್ನು ತಟ್ಟಿದ್ದಾನೆಯೇ ಎಂದು ನೋಡಲು ಮಕ್ಕಳು ಒಂದೊಂದು ಪುಸ್ತಕಕ್ಕೆ ನಾಲ್ಕು ನಾಲ್ಕು ಜನ ಮುತ್ತಿದ್ದರು. ಗಣಿತದ ತರಗತಿಯಲ್ಲಿ ಮಡಿಲಲ್ಲಿಟ್ಟು ಓದುತ್ತಿದ್ದಾರೆಂದು ದೂರು ಬಂತು. ಅಂಥ ಸಿಹಿ ದೂರನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಎದೆ ಉಬ್ಬಿಸಿಕೊಂಡು ಜಗಲಿಯಲ್ಲಿ ನಿಂತಿದ್ದೆ, ಲಿಸ್ಸಿ ಬಂದಳು. ಕಣ್ಣು ಕೆಂಪಗಿತ್ತು.

“ಸರ್, ಕೊನೆಯವರೆಗೆ ಓದಿದೆ. ಪುಸ್ತಕದಲ್ಲಿ ಬೊಳ್ಳಿ ಮನೆಗೆ ಬರ್ತದೆ. ಮತ್ತೆ ಎಂತ ಆಗ್ತದೆ?”

ಮತ್ತೇನು, ಅಲ್ಲಿಗೆ ಕಥೆ ಮುಗಿಯಿತು ಎಂದೆ.

“ಕಮಲಿಯ ಅಪ್ಪ ಮನೆಯಲ್ಲೇ ಇದ್ದಾನಲ್ಲ ಸರ್. ನಮ್ಮ ಪಪ್ಪನೂ ಕ್ರಿಸ್ಮಸ್ ಹತ್ರ ಬರುವಾಗ ಹಾಗೇ ತಟ್ಟುದು. ನಿನ್ನೆ ನಮ್ಮ ಮರಿಗೆ ತಟ್ಟಿದ್ರು.”

ಇನ್ನೊಂದು ಅಧ್ಯಾಯ ಬರೆಯುತ್ತೇನೆ, ಅದರಲ್ಲಿ ಕಮಲಿ ಅಪ್ಪನ ಮನಸ್ಸು ತಿರುಗಿಸುತ್ತಾಳೆ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ.

“ನೀವು ಬರೆದ್ರೆ ಸಾಕಾಗುದಿಲ್ಲ ಸರ್. ಇನ್ನೊಂದು ತಾಳಮದ್ದಳೆ ಇಡಿ, ಪಪ್ಪನನ್ನು ನಾನು ಕರ್ಕೊಂಡು ಬರ್ತೇನೆ. ಈ ಸಲ ರೈಗಳು ಕಮಲಿ ಆಗ್ಲಿ. ಅಪ್ಪನ ಅರ್ಥ ನೀವು ಹೇಳಿ.”

ನಾನು ಯಾಕೆ ಎಂದು ಕೇಳಬಾರದಿತ್ತು. ಕೇಳಿದೆ.

“ನೀವಾದ್ರೆ ಬೇಗ ಬಿಡ್ತೀರಲ್ಲ ಸರ್” ಎಂದಳು.

ಅಂದೇ ಸಂಜೆ ಸವಣೂರಿನ ಬಸ್ಸು ಹತ್ತಿ ರೈಗಳ ಅಂಗಡಿಗೆ ಹೋದೆ. ಕ್ರಿಸ್ಮಸ್ಸಿಗೆ ಮುಂಚಿನ ಒಂದು ಭಾನುವಾರಕ್ಕೆ ಅವರನ್ನು ಒಪ್ಪಿಸಿ, ಬೇಕಿಲ್ಲದ ಎರಡು ದಿಂಬಿನ ಚೀಲ ಕೊಂಡು ಮನೆಗೆ ಬಂದೆ.